ಕೆರೆ ದಂಡೆಯ ನಿಮ್ಮ ಓಣಿಯ ಚರಿತ್ರೆ ಬರೀಬೇಕೇನು? ನೀರಿನಿಂದ ಸುರು ಮಾಡ್ರಿ

ಸೊಲ್ಲಾಪುರದಿಂದ ವಿಜಾಪುರ ರೋಡ್ ಹಿಡಿದು ಹೊರಟರೆ ಒಂದು ಕೆರೆ ಸಿಗುತ್ತದೆ. ಬೋರ್ಡಿನ ಮೇಲೆ ಅದು ಧರ್ಮವೀರ ಸಂಭಾಜಿ ಮಹಾರಾಜ ತಲಾವ್. ರಿಕ್ಷಾದವರಿಗೆ ಸಂಭಾಜಿ ತಲಾವ್. ನಮ್ಮಂಥ ಹಳಬರ ಬಾಯಲ್ಲಿ ಇವತ್ತಿಗೂ ಕಂಬರ ತಲಾವ್. ನಮ್ಮವ್ವ ಇರುವ ತನಕ ಅದಕ್ಕೆ ಹೆಸರೇ ಇಟ್ಟಿರಲಿಲ್ಲ, ಬರೇ ‘ಕೆರಿ’ ಅನ್ನುತ್ತಿದ್ದಳು. ಆ ಕೆರೆಯಿಂದ ಕೂಗಳತೆಯಲ್ಲಿ ನನ್ನ ಮನೆ.

ಮೂವತ್ತೊಂದು ವರ್ಷ ನಾನು ರಜಿಸ್ಟ್ರಿ ಕಚೇರಿ ಎದುರು ಮೇಜು ಹಾಕಿಕೊಂಡು ದಸ್ತ, ಅಂದರೆ ಆಸ್ತಿಯ ಖರೇದಿ ಪತ್ರ, ಬರೆದವನು. ಮೊದಲು ಕೈಯಿಂದ, ಆಮೇಲೆ ಮರಾಠಿ ಟೈಪ್‌ರೈಟರಿನಿಂದ, ಕೊನೆಗೆ ಕಂಪ್ಯೂಟರಿನವರು ಬಂದು ನನ್ನ ಮೇಜು ಎತ್ತಿಸಿದರು. ಮನೆಯಲ್ಲಿ ಕೂತ ಮೇಲೆ ಹುಚ್ಚು ಹಿಡಿಯಿತು, ನಮ್ಮ ಬಡಾವಣೆಯ ಚರಿತ್ರೆ ಬರೆಯಬೇಕು ಅಂತ. ನಲವತ್ತು ಪುಟ ತುಂಬಿಸಿದೆ. ಬಹಮನಿಗಳ ಕಾಲದ ಕೋಟೆ, ಚಾಂದ್ ಬೀಬಿಯ ಮದುವೆಯಲ್ಲಿ ಸೊಲ್ಲಾಪುರ ಬಳುವಳಿಯಾಗಿ ಹೋದದ್ದು, 1930ರ ಮಾರ್ಶಲ್ ಲಾ, 1931ರ ಜನವರಿ 12ಕ್ಕೆ ಯರವಡಾ ಜೈಲಿನಲ್ಲಿ ನೇಣಿಗೇರಿದ ನಾಲ್ವರು ಹುತಾತ್ಮರು, ಎಲ್ಲಾ ಬಂದವು. ನನ್ನ ಸೊಸೆಗೆ ಓದಲು ಕೊಟ್ಟೆ. ಕೊನೆಯ ಪುಟ ಮುಗಿಸಿ ಆಕೆ ಕೇಳಿದ್ದು ಒಂದೇ ಮಾತು: ‘ಛಲೋ ಐತ್ರಿ ಮಾವಾರ. ಆದ್ರ ಇದರಾಗ ನಮ್ಮ ಓಣಿ ಎಲ್ಲೈತ್ರಿ?’

ಇರಲಿಲ್ಲ. ಅರಸರು, ಕೋಟೆ, ಬಟ್ಟೆ ಗಿರಣಿ ಎಲ್ಲಾ ಪ್ಯಾಟಿಯವು. ಊರ ಹೊರಗಿನ, ಹೊಲ ಮುರಿದು ಮನೆಗಳಾದ ಜಾಗಕ್ಕೆ ಅಂಥ ಚರಿತ್ರೆ ಇರುವುದಿಲ್ಲ. ಇಂಥ ಜಾಗದ ಚರಿತ್ರೆ ಅಂದರೆ ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿತು, ಯಾವ ಕಡೆ ಹರಿದು ಹೋಯಿತು, ಅದಕ್ಕೆ ಯಾರು ಅಡ್ಡ ಕಟ್ಟಿದರು, ಇಷ್ಟೇ. ಆ ನೋಟ್‌ಬುಕ್ಕು ಬದಿಗಿಟ್ಟು ಹೊಸದು ತಗೊಂಡೆ. ಎರಡನೇ ಸಲ ನಾನು ಮಾಡಿದ್ದನ್ನು ನಿಮಗೆ ಹೇಳುತ್ತೇನೆ. ನಿಮ್ಮ ಕೆರೆ ಯಾವುದೇ ಇರಲಿ, ಈ ಹಾದಿ ಹೊಂದುತ್ತದೆ.

ಮೊದಲು ನಿಮ್ಮ ಮನೆಯ ಟ್ರಂಕು ತೆಗೀರಿ. ಡಾಂಬರ ಗುಳಿಗೆಯ ವಾಸನೆ, ಮದುವೆಯ ಇಳಕಲ್ ಸೀರೆ, ಅದರ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಖರೇದಿ ಪತ್ರ. ಅದರಲ್ಲಿ ಬರೆದ ಬೆಲೆ ನೋಡಬೇಡ್ರಿ, ಬೆಲೆ ಸುಳ್ಳಿರುತ್ತದೆ, ಬರೆದವನೇ ಹೇಳುತ್ತಿದ್ದೇನೆ. ಚತುಃಸೀಮೆ ನೋಡ್ರಿ. ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ನಾಲ್ಕು ಸಾಲು. ಅವನ್ನು ಯಾರೂ ಸುಳ್ಳು ಬರೆಸುವುದಿಲ್ಲ, ಸುಳ್ಳಾದರೆ ನಾಳೆ ಜಾಗವೇ ಕೈಬಿಟ್ಟು ಹೋಗುತ್ತದೆ.

ನಮ್ಮಪ್ಪ 1983ರಲ್ಲಿ ತಗೊಂಡ ಎರಡು ಗುಂಟೆಯ ಪತ್ರದಲ್ಲಿ ಹೀಗಿದೆ: ‘ಪೂರ್ವೇಸ ಸರಕಾರಿ ಓಢಾ, ದಕ್ಷಿಣೇಸ ಗಾಡೀವಾಟ, ಪಶ್ಚಿಮೇಸ ವಿಹೀರ, ಉತ್ತರೇಸ ಶಿಲ್ಲಕ ಜಮೀನ್.’ ಮೂಡಣಕ್ಕೆ ಹಳ್ಳ, ತೆಂಕಣಕ್ಕೆ ಬಂಡಿದಾರಿ, ಪಡುವಣಕ್ಕೆ ಬಾವಿ, ಬಡಗಣಕ್ಕೆ ಮಾರಿ ಉಳಿದ ಹೊಲ. ಈ ನಾಲ್ಕು ಸಾಲು ಕೈಯಲ್ಲಿ ಹಿಡಿದು ಒಂದು ಭಾನುವಾರ ಮನೆ ಸುತ್ತ ನಡೆದೆ. ಹಳ್ಳದ ಮೇಲೆ ಈಗ ಸಿಮೆಂಟಿನ ಹಲಗೆ, ಹಲಗೆಯ ಮೇಲೆ ವಡಾಪಾವ್ ಗಾಡಿ. ಬಂಡಿದಾರಿ ಡಾಂಬರು ಕಂಡಿದೆ, ಆದರೆ ಎತ್ತು ನಡೆದ ಹಾಗೇ ಬಳುಕುತ್ತ ಹೋಗಿದೆ. ಬಡಾವಣೆಯ ಉಳಿದ ರಸ್ತೆಗಳೆಲ್ಲ ಅಳತೆಗೋಲು ಇಟ್ಟು ಗೀಟು ಹೊಡೆದಂತೆ ಇದ್ದರೂ ಇದೊಂದು ಯಾಕೆ ಸೊಟ್ಟ ಎಂದು ಮೂವತ್ತು ವರ್ಷ ಅಲ್ಲೇ ಓಡಾಡಿದ ನನಗೆ ಹೊಳೆದಿರಲಿಲ್ಲ. ಬಾವಿ? ಪಡುವಣದ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಒಂದು ಜಾಗದಲ್ಲಿ ಫರಸಿ ಗುಂಡಗೆ ಕುಸಿಯುತ್ತದೆ. ಪ್ರತಿ ಎರಡು ವರ್ಷಕ್ಕೆ ಬದಲಿಸುತ್ತಾರೆ, ಮತ್ತೆ ಗುಂಡಗೆ ಕುಸಿಯುತ್ತದೆ. ಮುಚ್ಚಿದ ಬಾವಿ ತನ್ನ ಆಕಾರ ಮರೆತಿಲ್ಲ.

ಮೂಡಣದ ಓಢಾ ನಮಗೂ ಒಮ್ಮೆ ಪಾಠ ಹೇಳಿದೆ. ಒಂದು ಹಸ್ತ ಮಳೆಗೆ ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಮೊಣಕಾಲುದ್ದ ನೀರು. ಗ್ಯಾಸಿನ ಸಿಲಿಂಡರ್ ತೇಲಿ ಬಂದು ದೇವರ ಜಗಲಿಗೆ ತಾಗಿ ನಿಂತಿತ್ತು. ಹಳ್ಳ ಎಂದು ಪತ್ರದಲ್ಲೇ ಬರೆದಿದ್ದರೂ ಓದಲಿಲ್ಲ ನಾವು.

ಟ್ರಂಕಿನ ಕಾಗದ ಮುಗಿದ ಮೇಲೆ ಸಾತ್-ಬಾರಾ. ಕರ್ನಾಟಕದವರಿಗೆ ಪಹಣಿ ಇದ್ದಂತೆ ನಮಗೆ ಇದು. ಗಾವ್ ನಮೂನಾ 7ರಲ್ಲಿ ಹಕ್ಕು, 12ರಲ್ಲಿ ಬೆಳೆ. ಎಲ್ಲರೂ ಏಳು ನೋಡುತ್ತಾರೆ, ನೀವು ಹನ್ನೆರಡು ನೋಡ್ರಿ. ಯಾವ ವರ್ಷ ಜೋಳ, ಯಾವ ವರ್ಷ ಕಬ್ಬು, ನೀರಿನ ಮೂಲ ಬಾವಿಯೋ ಕಾಲುವೆಯೋ, ಪಡ, ಅಂದರೆ ಬಿತ್ತದೆ ಬೀಳು ಬಿಟ್ಟದ್ದು, ಎಷ್ಟು ಎಂದು ಅಲ್ಲಿ ಬರೆದಿರುತ್ತದೆ. ಜೋಳ ಹೋಗಿ ಪಡ ಬಿತ್ತು ಅಂದರೆ ಮಾಲೀಕ ಹೊಲ ಮಾರಲು ನಿಂತಿದ್ದಾನೆ ಎಂದೇ ಅರ್ಥ. ಆ ಬಳಿಕ ನಮೂನಾ 6, ಅಂದರೆ ಫೇರಫಾರ್: ಯಾರು ಸತ್ತರು, ಯಾರ ಹೆಸರು ಏರಿತು, ಯಾವಾಗ ಎನ್.ಎ. (ಹೊಲವನ್ನು ಮನೆಯ ಜಾಗ ಮಾಡುವ ಸರಕಾರಿ ಒಪ್ಪಿಗೆ) ಆಯಿತು. ಎನ್.ಎ. ಆದೇಶದ ತಾರೀಖು ನಿಮ್ಮ ಬಡಾವಣೆಯ ಜನ್ಮದಾಖಲೆ. ಅದೇ ಇಲ್ಲದಿದ್ದರೆ ನಿಮ್ಮದು ಗುಂಠೇವಾರಿ. ನಾಚಿಕೊಳ್ಳಬೇಡ್ರಿ, ಅರ್ಧ ಊರು ಹಾಗೇ ಬೆಳೆದದ್ದು. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರಡಿ. ಗಿರಣಿಯ ಫಂಡಿನ ದುಡ್ಡಿಗೆ ಅಷ್ಟೇ ಬರುತ್ತಿತ್ತು. ಹೊಲದವನು ಗುಂಟೆ ಲೆಕ್ಕದಲ್ಲಿ ಮುರಿದು ಮಾರಿದ, ಸರಕಾರ 2001ರಲ್ಲಿ ಗುಂಠೇವಾರಿ ಕಾಯದೆ ತಂದು ಅವನ್ನು ಸಕ್ರಮ ಮಾಡುವ ಬಾಗಿಲು ತೆಗೆಯಿತು. ರಜಿಸ್ಟ್ರಿ ಕಡೆಯ ‘ಇಂಡೆಕ್ಸ್ ಟೂ’ ಸಿಕ್ಕರೆ ಕೊಟ್ಟವರು, ಕೊಂಡವರು, ತಾರೀಖು ಒಂದೇ ಹಾಳೆಯಲ್ಲಿ ಸಿಗುತ್ತವೆ.

ಹಳೇ ಕಾಗದ ಮರಾಠಿಯ ಹಳೇ ಮೋಡಿ ಲಿಪಿಯಲ್ಲಿದ್ದರೆ ಹೆದರಬೇಡ್ರಿ. ಓದುವ ಒಬ್ಬಿಬ್ಬರು ಪ್ರತಿ ತಾಲೂಕಿನಲ್ಲಿ ಇನ್ನೂ ಇದ್ದಾರೆ, ಪುಟಕ್ಕಿಷ್ಟು ಎಂದು ತಗೊಳ್ಳುತ್ತಾರೆ. ಶಕ ವರ್ಷ ಬರೆದಿದ್ದರೆ 78 ಕೂಡಿಸ್ರಿ. ಶಕ 1872 ಅಂದರೆ 1950.

ಕಾಗದದ ಕೆಲಸ ಇಷ್ಟು. ಇನ್ನು ಜನರನ್ನು ಕೇಳುವುದು. ನಿಜವಾದ ಕೆಲಸ ಇದೇ, ಜನ ಎಡವುವುದೂ ಇಲ್ಲೇ.

ನೀರು ಬರುವ ದಿನ ಯಾರ ಮನೆಗೂ ಹೋಗಬೇಡ್ರಿ. ನಮ್ಮಲ್ಲಿ ನಳ ನಾಲ್ಕೈದು ದಿನಕ್ಕೊಮ್ಮೆ. ಆ ದಿನ ಓಣಿಯಲ್ಲಿ ಮಾತಿಲ್ಲ ಕತೆಯಿಲ್ಲ, ಮೋಟರಿನ ಸದ್ದು, ‘ಟಾಕಿ ತುಂಬಿತೇನ?’ ಎಂಬ ಕೂಗು, ಪೈಪಿಗಾಗಿ ಜಗಳ. (ನೂರರ ಆಚೀಚೆ ಕಿಲೋಮೀಟರ್ ದೂರದ ಉಜನಿ ಅಣೆಕಟ್ಟಿನಿಂದ ನೀರು ಬಂದು ಕೆರೆ ದಂಡೆಯ ಮನೆಗೆ ಮುಟ್ಟಬೇಕು! ಇದನ್ನು ಚರಿತ್ರೆಯಲ್ಲಿ ಬರೀರಿ, ಮುಂದಿನವರು ನಂಬಲಿಕ್ಕಿಲ್ಲ.) ನೀರು ಬಂದ ಮರುದಿನ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಒಳಗೆ ಹೋಗ್ರಿ. ಊಟ ಆಗಿರುತ್ತದೆ, ನಿದ್ದೆ ಮುಗಿದಿರುತ್ತದೆ, ಧಾರಾವಾಹಿ ಸುರು ಆಗಿರುವುದಿಲ್ಲ.

ಗಂಡಸರನ್ನು ಕೇಳಿದರೆ ರಾಜಕಾರಣ ಹೇಳುತ್ತಾರೆ. ಹೆಂಗಸರನ್ನು ಕೇಳ್ರಿ. ‘ಇತಿಹಾಸ ಹೇಳ್ರಿ’ ಅನ್ನಬೇಡ್ರಿ, ಇತಿಹಾಸ ಅಂದ ಕೂಡಲೇ ಅವರು ಶಾಲೆಗೆ ಹೋದ ಮಗನನ್ನು ಕರೆಯುತ್ತಾರೆ. ‘ನೀವು ನೀರು ಎಲ್ಲಿಂದ ತರತಿದ್ರಿ?’ ಅನ್ನಿ. ಅರಿವೆ ಎಲ್ಲಿ ಒಗೆಯುತ್ತಿದ್ದಿರಿ, ಎಮ್ಮೆ ಎಲ್ಲಿ ಇಳಿಸುತ್ತಿದ್ದಿರಿ, ಬಾಣಂತಿಯ ಬಟ್ಟೆಗೆ ಬೇರೆ ಜಾಗ ಇತ್ತೇನು, ಯಾವ ಬಾವಿಗೆ ಯಾರನ್ನು ಬಿಡುತ್ತಿರಲಿಲ್ಲ. ಕೊನೆಯ ಪ್ರಶ್ನೆಗೆ ಒಮ್ಮೊಮ್ಮೆ ಮೌನ ಬರುತ್ತದೆ. ಆ ಮೌನವನ್ನೂ ತಾರೀಖು ಹಾಕಿ ಬರಕೊಳ್ರಿ, ಒತ್ತಾಯ ಮಾಡಬೇಡ್ರಿ. ಎರಡನೇ ಸಲ ಹೋದಾಗ ಅವರೇ ಎತ್ತುತ್ತಾರೆ.

ವರ್ಷ ಕೇಳಬೇಡ್ರಿ. ಯಾರಿಗೂ ಇಸವಿ ನೆನಪಿರುವುದಿಲ್ಲ, ಮರ್ಯಾದೆಗೆ ಏನೋ ಒಂದು ಹೇಳುತ್ತಾರೆ. ಗೂಟಗಳನ್ನು ಹೊಡೆದು ಅದಕ್ಕೆ ಹಗ್ಗ ಕಟ್ರಿ. ನಮ್ಮ ಸೀಮೆಗೆ ನಾಲ್ಕು ಗೂಟ ಸಾಕು. ಒಂದು, 1972ರ ಬರ. ಕಾಮಗಾರಿಯಲ್ಲಿ ಖಡಿ ಒಡೆದದ್ದು, ಅಲ್ಲಿ ಹಂಚಿದ ಸುಕಡಿ ಎಂಬ ತಿಂಡಿ ತಿಂದದ್ದು ಯಾರೂ ಮರೆತಿಲ್ಲ. ಎರಡು, 1984ರಲ್ಲಿ ಇಂದಿರಾ ಗಾಂಧಿ ಹೋದದ್ದು. ಮೂರು, ಕಿಲ್ಲಾರಿ ಭೂಕಂಪ, 1993ರ ಸೆಪ್ಟೆಂಬರ್ 30ರ ನಸುಕು. ಗಣಪತಿ ಕಳಿಸಿ ಬಂದು ಮಲಗಿದ ರಾತ್ರಿ, ಮಾಡದ ಮೇಲಿನ ಪಾತ್ರೆ ಬಿದ್ದದ್ದು ಎಲ್ಲರಿಗೂ ಗೊತ್ತು. ನಾಲ್ಕು, ಅವರ ಮನೆಯವರು ದುಡಿದ ಗಿರಣಿಯ ಭೋಂಗಾ, ಅಂದರೆ ಪಾಳಿಯ ಸೈರನ್, ಕೊನೆಯದಾಗಿ ಕೂಗಿದ್ದು. ‘ಈ ಬೋರ್ ಹೊಡಿಸಿದ್ದು ಭೂಕಂಪಕ್ಕ ಮದಲೋ ಆಮ್ಯಾಲೋ?’ ಎಂದು ಕೇಳ್ರಿ. ಉತ್ತರ ತಟ್ಟನೆ ಬರುತ್ತದೆ, ಸರಿಯಾಗೂ ಇರುತ್ತದೆ.

ನಾನು ಮೊದಲ ದಿನ ಮೊಬೈಲ್ ರೆಕಾರ್ಡ್‌ಗೆ ಹಾಕಿ ಮುಂದಿಟ್ಟೆ. ಕೆರೆಯ ಏರಿ ಕೆಳಗಿನ ಮನೆಯ ಆಯಿ, ಎಂಬತ್ತು ದಾಟಿದಾಕೆ, ಅದನ್ನು ಎತ್ತಿ ಸೆರಗಿನಿಂದ ಒರೆಸಿ ವಾಪಸ್ ಕೊಟ್ಟಳು: ‘ಇದನ್ನ ಕಿಸೆದಾಗ ಇಟಗೋ ತಮ್ಮಾ. ನಿನ್ನ ಮಾರಿ ನೋಡಿ ಹೇಳತೀನಿ.’ ಆಕೆ ಹೊಸ್ತಿಲಲ್ಲಿ, ನಾನು ಬಾಗಿಲ ಮುಂದಿನ ಕಲ್ಲಿನ ಮೇಲೆ. ಗಿರಣಿಯ ಎರಡನೇ ಭೋಂಗಾಕ್ಕೆ ಮೊದಲು ಅರಿವೆ ಒಗೆದು ಮುಗಿಸಬೇಕಿತ್ತು, ದಂಡೆಯಲ್ಲಿ ಬಡಿಯುವ ಕಲ್ಲುಗಳಿದ್ದವು, ಕಲ್ಲಿಗೊಂದು ಮನೆತನ, ಹೊಸದಾಗಿ ಬಂದ ಸೊಸೆಗೆ ಬಿಸಿಲಿನ ಕಡೆಯ ಕಲ್ಲು. ಎರಡು ತಾಸು ಹೇಳಿದಳು. ಮನೆಗೆ ಬಂದು ನೆನಪಿನಿಂದ ಬರೆದೆ. ಮೊಬೈಲ್ ಬೇಕೇ ಬೇಕು ಅಂದರೆ ಮೂರನೇ ಭೇಟಿಗೆ ಹೊರಗೆ ತೆಗೀರಿ, ಕೇಳಿಯೇ ತೆಗೀರಿ.

ಯಾವ ಭಾಷೆಯಲ್ಲಿ ಹೇಳಿದರೋ ಅದೇ ಮಾತು ಬರಕೊಳ್ರಿ. ನಮ್ಮ ಓಣಿಯಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ನಾಲ್ಕೂ ಇವೆ, ಒಂದೇ ಕೆರೆಯ ಅಂಗಾಂಗಗಳಿಗೆ ನಾಲ್ಕು ಹೆಸರಿವೆ. ನಾವು ಒಡ್ಡು ಅನ್ನುವುದು ಮರಾಠಿಗೆ ಬಾಂಧ್, ಪದ್ಮಸಾಲಿಗಳ ತೆಲುಗಿಗೆ ಕಟ್ಟ. ನಮ್ಮ ಹಳ್ಳ ಅವರಿಗೆ ಓಢಾ, ಇವರಿಗೆ ವಾಗು. ತೂಬಿಗೆ ಮೋರಿ. ಕೋಡಿಗೆ ಸಾಂಡವಾ. ಈ ಕೋಡಿ ಎಂಬ ಮಾತು ಸಿಕ್ಕಲ್ಲಿ ಬಿಡಬೇಡ್ರಿ, ಕೆರೆ ತುಂಬಿ ಹೆಚ್ಚಾದ ನೀರು ಎಲ್ಲಿಂದ ಹೊರಬೀಳುತ್ತಿತ್ತು ಎಂದು ಅದು ಹೇಳುತ್ತದೆ. ಕೋಡಿ ಹುಡುಕಿ ಅಲ್ಲಿಂದ ಇಳಿಜಾರಿನಲ್ಲಿ ನಡೀರಿ, ಮಳೆಗಾಲದಲ್ಲಿ ಯಾವ ಯಾವ ಮನೆಗೆ ನೀರು ಹೊಗುತ್ತದೆ ಎಂದು ಜ್ಯೋತಿಷಿಯ ಹಾಗೆ ಹೇಳಬಹುದು. ನಾನು ಹೇಳಿದ ಏಳು ಮನೆಯಲ್ಲಿ ಆರು ಖರೆ ಆದವು.

‘ನನ್ನ ಕನ್ನಡ ಶುದ್ಧ ಇಲ್ಲ, ಹ್ಯಾಂಗ ಬರೀಲಿ?’ ಎಂದು ಗಡಿಯ ಈಚೆಯವರು ಬಹಳ ಹೆದರುತ್ತಾರೆ. ಮರಾಠಿ ಶಾಲೆ ಕಲಿತವರು, ಕನ್ನಡ ಅಕ್ಷರವನ್ನು ಮನೆಯಲ್ಲಿ ಕೂಡಿಸಿಕೊಂಡವರು. ಇದೇ ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠಕ್ಕೆ ಬಂದ ಮೊದಲ ಹೆಣ್ಣುಮಗಳು ನಮ್ಮೂರಾಕೆ. ನೀವು ನಾಲ್ಕು ಪುಟ ಬರೆಯಲು ಯಾರಪ್ಪಣೆ ಬೇಕು?

ಈಗ ಸಿದ್ಧರಾಮನ ಮಾತು. ಸೊಲ್ಲಾಪುರದಲ್ಲಿ ಕೆರೆ ಅಂದರೆ ಸಿದ್ಧರಾಮ ಬಂದೇ ಬರುತ್ತಾನೆ. ಹನ್ನೆರಡನೇ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ತೋಡಿಸುತ್ತಿದ್ದ ಶರಣ ಆತ. ಶೂನ್ಯಸಂಪಾದನೆಯಲ್ಲಿ ಅಲ್ಲಮ ಬಂದು ‘ಎಲ್ಲಿದ್ದಾನೆ ಆ ಒಡ್ಡರಾಮ?’ ಎಂದು ಕೇಳುತ್ತಾನೆ, ಮಣ್ಣು ಹೊರುವವರು ಸಿಟ್ಟಿಗೆದ್ದು ಕಲ್ಲು ಬೀರುತ್ತಾರೆ. ನಡು ಊರಿನಲ್ಲಿ ಕೋಟೆಯ ಮಗ್ಗುಲಿಗೆ ಇರುವ ಸಿದ್ಧೇಶ್ವರ ಕೆರೆ ಅವನದು. ಅಷ್ಟರಲ್ಲಿ ನಿಲ್ರಿ. ನನ್ನ ಮೊದಲ ನೋಟ್‌ಬುಕ್ಕಿನಲ್ಲಿ ನಮ್ಮ ಕಂಬರ ತಲಾವನ್ನೂ ಸಿದ್ಧರಾಮನೇ ತೋಡಿಸಿದ ಎಂದು ಬರೆದುಬಿಟ್ಟಿದ್ದೆ. ಯಾರು ಹೇಳಿದರು? ಚಹಾದ ಅಂಗಡಿಯಲ್ಲಿ ಒಬ್ಬರು. ಅವರಿಗೆ ಯಾರು ಹೇಳಿದರು? ವಿಚಾರಿಸುತ್ತ ಹೋದರೆ ಮೂರನೇ ಕೈಯಲ್ಲಿ ನಾನೇ ಸಿಕ್ಕೆ. ಹತ್ತು ವರ್ಷದ ಹಿಂದೆ ಯಾವುದೋ ಮದುವೆ ಪಂಕ್ತಿಯಲ್ಲಿ ಹುಗ್ಗಿ ಉಣ್ಣುತ್ತ ಹಾಗೆ ಅಂದಿದ್ದೆನಂತೆ.

ಅಂದಿನಿಂದ ಮೂರು ಬಣ್ಣದ ಪೆನ್ನು ಇಟ್ಟುಕೊಂಡಿದ್ದೇನೆ. ಕಾಗದದಲ್ಲಿ ಕಂಡದ್ದಕ್ಕೆ ನೀಲಿ, ಕಣ್ಣಾರೆ ಕಂಡದ್ದಕ್ಕೆ ಕಪ್ಪು, ಮಂದಿ ಹೇಳಿದ್ದಕ್ಕೆ ಕೆಂಪು. ಕೆಂಪು ಕೀಳಲ್ಲ, ಆದರೆ ಕೆಂಪು ಕೆಂಪೇ. ಹೆಸರಿನ ಅರ್ಥಗಳೆಲ್ಲ ಕೆಂಪಿಗೆ ಹೋಗಲಿ. ‘ಕಂಬರ’ ಕೇಳಿದ ಕೂಡಲೇ ಕುಲುಮೆಯ ಕಂಬಾರನನ್ನು ತರುವವರು ನಮ್ಮಲ್ಲಿ ಬಹಳ, ಆ ಪೈಕಿ ನಾನೂ ಒಬ್ಬ.

ಸಿದ್ಧರಾಮನನ್ನು ಓಣಿಯ ಚರಿತ್ರೆಗೆ ತರಲೇಬೇಕೆಂದರೆ ಜಾತ್ರೆಯ ದಾರಿಯಿಂದ ತರ್ರಿ. ಸಂಕ್ರಾಂತಿಯ ಹೊತ್ತಿಗೆ ಏಳು ನಂದಿಕೋಲು ಹೊರಟು ಊರ ಸುತ್ತಲಿನ 68 ಲಿಂಗಗಳಿಗೆ ಎಣ್ಣೆಮಜ್ಜನ ಆಗುತ್ತದೆ, ಮರುದಿನ ಸಮ್ಮತಿ ಕಟ್ಟೆಯ ಹತ್ತಿರ ಜಾತ್ರೆಯ ಸಾಂಕೇತಿಕ ಮದುವೆಯ ಅಕ್ಷತೆ. ಬಿಳೀ ಬಾರಾಬಂದಿ ತೊಟ್ಟ ಮರಾಠಿ, ತೆಲುಗು ಹುಡುಗರೂ ಅಲ್ಲಿ ಕನ್ನಡದ ಸಮ್ಮತಿ ಕೇಳಿಯೇ ಅಕ್ಕಿಕಾಳು ಎಸೆಯುವುದು. ನಿಮ್ಮ ಓಣಿಯಿಂದ ಯಾರು ಕೋಲು ಹಿಡಿಯಲು ಹೋಗುತ್ತಾರೆ, ಎಷ್ಟು ವರ್ಷದಿಂದ, ಬಾರಾಬಂದಿ ಯಾರು ಹೊಲಿಯುತ್ತಾರೆ? ಇದು ನಿಮ್ಮ ಚರಿತ್ರೆ. ಉಳಿದದ್ದನ್ನು ಪುರಾಣಿಕರಿಗೆ ಬಿಡ್ರಿ.

ಪುಸ್ತಕದಲ್ಲಿ ಒಂದನ್ನಾದರೂ ನೋಡಲೇಬೇಕು: ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ 20ನೇ ಸಂಪುಟ, 1884ರದು. ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತದೆ. ಊರ ಹೆಸರು ‘ಶೋಲಾಪುರ’ ಎಂದು ಹಾಕಿ ಹುಡುಕ್ರಿ. ಇಂಗ್ಲಿಷು ಬಾರದಿದ್ದರೆ ಮೊಮ್ಮಕ್ಕಳನ್ನು ಕೂಡಿಸಿಕೊಳ್ರಿ. ನಾವು ಹಿಪ್ಪರಗಿ ಕೆರೆ ಅನ್ನುವ, ಅದಿಲಾ ಹಳ್ಳಕ್ಕೆ ಕಟ್ಟಿ 1871ರಲ್ಲಿ ಮುಗಿಸಿದ ಎಕರೂಖ ಕೆರೆಯಂಥ ದೊಡ್ಡ ಕೆಲಸಗಳ ಲೆಕ್ಕ ಅದರಲ್ಲಿದೆ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರಕ್ಕೆ ಹಿಂದೆ ಸರಿಯುವ ಗುಂಡಿ ಇದೆ. ಕೆರೆಯ ಅಂಚು ಹೇಗೆ ಒಳಗೆ ಸರಿದಿದೆ, ನೀರ ಮೇಲೆ ತೇಲುವ ಕಳೆ ಜಲಪರ್ಣಿಯ ಹಸಿರು ಯಾವ ವರ್ಷ ಎಷ್ಟು ಹಬ್ಬಿದೆ ಎಲ್ಲಾ ಕಾಣುತ್ತದೆ. ಆದರೆ ಅದೊಂದೇ ನೋಡಿ ಬರೆಯಬೇಡ್ರಿ, ಮೇಲಿನಿಂದ ಜಲಪರ್ಣಿ ಹುಲ್ಲಿನ ಬಯಲಿನಂತೆ ಕಾಣುತ್ತದೆ.

ಈಗಿನ ಬಾಳುವೆಗೂ ಜಾಗ ಕೊಡ್ರಿ, ಇವತ್ತಿನದು ನಾಳೆಗೆ ಹಳೆಯದೇ. ಕೆರೆ ದಂಡೆಗೆ ದಿನದ ನಾಲ್ಕು ಹೊತ್ತು ಹೋಗ್ರಿ, ಒಂದೇ ಜಾಗದಲ್ಲಿ ಅರ್ಧ ತಾಸು ಕೂಡ್ರಿ. ನಸುಕಿಗೆ ವಾಕಿಂಗಿನವರು, ಬೆಳ್ಳಕ್ಕಿ. ಬಿಸಿಲೇರಿದ ಮೇಲೆ ಗಾಳ ಹಾಕಿ ಕೂತ ಹುಡುಗರು. ಮಧ್ಯಾಹ್ನ ಯಾರೂ ಇಲ್ಲ, ವಾಸನೆ ಮಾತ್ರ. ಸಂಜೆಗೆ ಭಜಿಯ ಗಾಡಿ, ಬೈಕು, ಹೊಸ ಜೋಡಿಗಳು. ಚಳಿಗಾಲದಲ್ಲಿ ದಂಡೆಯ ಆಚೆ ಹೊಲವಿದ್ದವರು ಸೀತನಿಗೆ ಕರೆಯುತ್ತಾರೆ. ಮರಾಠಿಯವರು ಹುರಡಾ ಪಾರ್ಟಿ ಅನ್ನುವುದು ಇದನ್ನೇ. ಎಳೇ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿ, ಶೇಂಗಾ ಚಟ್ನಿ ಕೂಡಿಸಿ ಬಾಯಿಗೆ ಹಾಕಿಕೊಳ್ಳುವುದು. ಯಾರ ಹೊಲದಲ್ಲಿ ಯಾವ ವರ್ಷದ ತನಕ ಸೀತನಿ ನಡೆಯಿತು ಎಂದು ಪಟ್ಟಿ ಮಾಡಿದರೆ ಊರು ಯಾವ ದಿಕ್ಕಿಗೆ ಎಷ್ಟು ಬೆಳೆಯಿತು ಎಂಬುದು ಎನ್.ಎ. ಆದೇಶಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಬರೆಯುವಾಗ ಮನೆಗೊಂದು ಪುಟ ಇಟ್ಟುಕೊಳ್ರಿ. ವಾಟಣಿಯ (ಆಸ್ತಿ ಪಾಲಿನ) ಜಗಳ, ಕೋರ್ಟಿನ ಕೇಸು ಬರೆಯಬೇಡ್ರಿ. ಮೂವತ್ತೊಂದು ವರ್ಷ ನೋಡಿದ್ದೇನೆ, ಒಂದು ಸಾಲು ಸಾಕು ಅಣ್ಣತಮ್ಮಂದಿರು ಮತ್ತೆ ವಕೀಲರ ಮನೆ ಏರಲು. ಬರೆದದ್ದನ್ನು ಝೆರಾಕ್ಸ್ ಹಾಕಿಸುವ ಮೊದಲು ಹೇಳಿದವರ ಮುಂದೆ ಓದ್ರಿ, ಗಟ್ಟಿಯಾಗಿ, ಪೂರ್ತಿ.

ನಾನು ಆಯಿಯ ಪುಟ ತಗೊಂಡು ಹೋಗಿ ಅದೇ ಜಾಗದಲ್ಲಿ ಕೂತು ಓದಿದೆ. ಕಣ್ಣು ಮುಚ್ಚಿ ಕೇಳಿದಳು. ‘ಕೆರೆಯ ದಂಡೆಯಲ್ಲಿ ಬಡಿಯುವ ಕಲ್ಲು ಮೂರಿದ್ದವು, ಈಗ ಒಂದೂ ಉಳಿದಿಲ್ಲ’ ಎಂಬ ಸಾಲಿಗೆ ಕಣ್ಣು ತೆಗೆದಳು.

‘ಮೂರಲ್ಲ, ನಾಕ.’

‘ನಾಲ್ಕನೇದು ಎಲ್ಲಿ ಹೋತು ಆಯಿ?’

‘ಎಲ್ಲಿ ಹೋಗತೈತಿ? ಗಾರ್ಡನ್ನ ಮಾಡೂ ಮುಂದ ನಮ್ಮನಿಯವರು ಹೊತಗೊಂಡು ಬಂದರು. ಆವಾಗಿಂದ ನೀ ಅದರ ಮ್ಯಾಲೇ ಕುಂತೀದಿ.’